ಬಾಗಿಲು ಒಂದೇ, ಪಂಕ್ತಿ ಬೇರೆ

ಗ್ರಂಥಪಾಲಕರ ಸಮ್ಮೇಳನವೆಂದರೆ ಹೊರಗಿನವರಿಗೆ ತುಸು ತಮಾಷೆಯ ಸಂಗತಿ. ವರ್ಷವಿಡೀ ತುಟಿಯ ಮೇಲೆ ಬೆರಳಿಟ್ಟು ಪರರ ಮಾತನ್ನು ಅಡಗಿಸುವ ಜನ ಒಂದೆಡೆ ಸೇರಿ ತಾವೇನು ಮಾತನಾಡಿಕೊಂಡಾರು ಎಂಬ ಕುತೂಹಲ. ಆದರೆ ಶಾಲೆಯ ಗ್ರಂಥಪಾಲಕನ ಸ್ಥಿತಿಯನ್ನು ಬಲ್ಲವರು ಹಾಗೆ ನಗಲಾರರು. ಶಾಲೆಯಲ್ಲಿ ಗಣಿತದ ಉಪಾಧ್ಯಾಯರಿಗೆ ಮಾತಿಗೆ ಮತ್ತೊಬ್ಬ ಗಣಿತದ ಉಪಾಧ್ಯಾಯರು ಸಿಗುತ್ತಾರೆ. ಚರಿತ್ರೆಯವರಿಗೆ ಚರಿತ್ರೆಯವರು ಸಿಗುತ್ತಾರೆ. ಪುಸ್ತಕದ ಕೋಣೆಯವನು ಮಾತ್ರ ಒಂಟಿ. ಅವನ ಕೆಲಸದ ಕಷ್ಟಸುಖವನ್ನು ಬಲ್ಲ ಇನ್ನೊಂದು ಜೀವ ಆ ಕಟ್ಟಡದಲ್ಲಿ ಇರುವುದಿಲ್ಲ. ಓದಲು ಒಲ್ಲದ ಹುಡುಗನ ಕೈಗೆ ಮೊದಲು ಯಾವ ಪುಸ್ತಕ ಕೊಡಬೇಕು, ಹಾಳೆ ಕಿತ್ತವನನ್ನು ದಂಡಿಸಬೇಕೋ ಕ್ಷಮಿಸಬೇಕೋ, ಇರುವ ಅಲ್ಪ ಹಣದಲ್ಲಿ ನಿಘಂಟು ಕೊಳ್ಳುವುದೋ ಕಥೆಯ ಪುಸ್ತಕ ಕೊಳ್ಳುವುದೋ, ಇವನ್ನೆಲ್ಲ ಕೇಳಿ ತಿಳಿಯಲು ಅವನಿಗೆ ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನವೇ ಗತಿ. ಬಹುಕಾಲ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠದ ಜೊತೆಗೆ ಪುಸ್ತಕದ ಬೀರುಗಳ ಹೊಣೆಯನ್ನೂ ಹೊತ್ತವನಾದ್ದರಿಂದ ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಸಮ್ಮೇಳನದ ಭಾಷಣಗಳು ಮರೆತುಹೋಗುತ್ತವೆ. ಊಟದ ಹೊತ್ತಿನಲ್ಲಿ ಪಕ್ಕದ ಎಲೆಯವರು ಹೇಳಿದ ಮಾತು ಮರೆಯುವುದಿಲ್ಲ.

ಪಕ್ಕದ ಎಲೆ ಎಂದೆನಲ್ಲ, ನಾನು ಇಂದು ಹೇಳಬೇಕೆಂದಿರುವುದು ಆ ಎಲೆಯ ಕಥೆಯನ್ನೇ. ಅದು ನಡೆದದ್ದು ನಮ್ಮ ದೇಶದಲ್ಲಿ ಅಲ್ಲ. 1936ನೆಯ ಇಸವಿಯ ಮೇ ತಿಂಗಳಲ್ಲಿ, ಅಮೆರಿಕದ ವರ್ಜೀನಿಯ ರಾಜ್ಯದ ರಿಚ್ಮಂಡ್ ನಗರದಲ್ಲಿ.

ಅಮೆರಿಕದ ಗ್ರಂಥಾಲಯ ಸಂಘ ಹುಟ್ಟಿದ್ದೇ ಒಂದು ಸಮ್ಮೇಳನದಲ್ಲಿ. ಆ ದೇಶ ತನ್ನ ಸ್ವಾತಂತ್ರ್ಯದ ನೂರನೆಯ ವರ್ಷವನ್ನು ಆಚರಿಸುತ್ತಿದ್ದ 1876ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯದಲ್ಲಿ 103 ಮಂದಿ ಸೇರಿದರು. ಅವರಲ್ಲಿ 13 ಮಂದಿ ಮಹಿಳೆಯರು. ಸಂಘದ ಸ್ಥಾಪಕರಲ್ಲಿ ಮುಖ್ಯನಾದವನು ಮೆಲ್ವಿಲ್ ಡ್ಯೂಯಿ. ಪುಸ್ತಕದ ಬೆನ್ನಿನ ಮೇಲೆ ನಾವು ಇಂದಿಗೂ ಬರೆಯುವ ದಶಮಾಂಶ ಸಂಖ್ಯೆಗಳನ್ನು ಕೊಟ್ಟವನು ಅವನೇ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ ಪ್ರತಿ ಪುಸ್ತಕಕ್ಕೂ ಒಂದು ಸ್ಥಾನವನ್ನು ಒದಗಿಸಿದ ಈ ಮಹಾಶಯ ತಾನು ನಡೆಸುತ್ತಿದ್ದ ಲೇಕ್ ಪ್ಲಾಸಿಡ್ ಎಂಬ ವಿಹಾರ ಸಂಘದಲ್ಲಿ ಯಹೂದಿಗಳಿಗೆ ಮಾತ್ರ ಸ್ಥಾನವಿಟ್ಟಿರಲಿಲ್ಲ. ಅದರ ಮೇಲೆ ದೂರು ಹೋಗಿ, ಅವನು ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕನ ಪದವಿಯನ್ನು ಬಿಡಬೇಕಾಯಿತು. ಅವನ ಹೆಸರಿನಲ್ಲಿ ಕೊಡುತ್ತಿದ್ದ ಪದಕದಿಂದ ಆ ಹೆಸರನ್ನು ಸಂಘ ತೆಗೆದದ್ದು 2019ರಲ್ಲಿ. ಪುಸ್ತಕಗಳನ್ನು ವಿಂಗಡಿಸುವುದು ವಿದ್ಯೆ. ಅದೇ ಕೈ ಮನುಷ್ಯರನ್ನು ವಿಂಗಡಿಸಲು ಹೊರಟಾಗ ಅದಕ್ಕೆ ಬೇರೆ ಹೆಸರಿಡಬೇಕಾಗುತ್ತದೆ.

ಈ ಸಂಘದ 1936ರ ಅಧಿವೇಶನ ರಿಚ್ಮಂಡಿನಲ್ಲಿ ನಡೆಯುವುದೆಂದು ಗೊತ್ತಾಯಿತು. ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ರಾಜ್ಯಗಳ ರಾಜಧಾನಿಯಾಗಿದ್ದ ಊರು ಅದು. ಸಂಘದಲ್ಲಿ ಕಪ್ಪು ಜನಾಂಗದ ಸದಸ್ಯರೂ ಇದ್ದರು. ಬಿಳಿಯರು ಕಟ್ಟಿದಷ್ಟೇ ಚಂದಾ ಕಟ್ಟಿದವರು. ಅವರು ಕಲಿತ ಸೂಚೀವಿದ್ಯೆಯನ್ನೇ ಕಲಿತವರು. ಅಧಿವೇಶನಕ್ಕೆ ಮುನ್ನ ಸ್ಥಳೀಯ ಏರ್ಪಾಡಿನ ಸಮಿತಿಯಿಂದ ಇವರಿಗೆ ಒಂದು ಪತ್ರ ಹೋಯಿತು. ಅದು ಬಹಿರಂಗ ಪ್ರಕಟಣೆಯಲ್ಲ, ಪೂರ್ತಿ ಖಾಸಗಿಯೂ ಅಲ್ಲ. ನೋವು ಕೊಡುವ ಪತ್ರಗಳು ಸಾಮಾನ್ಯವಾಗಿ ಇಂಥ ಅರೆಬೆಳಕಿನಲ್ಲಿಯೇ ಬರೆಯಲ್ಪಡುತ್ತವೆ.

ಆ ಪತ್ರದ ಸಾರ ಇಷ್ಟು. ನೀವು ಅಧಿವೇಶನಕ್ಕೆ ಅಗತ್ಯವಾಗಿ ಬರಬಹುದು. ಬಿಳಿಯ ಪ್ರತಿನಿಧಿಗಳು ಬರುವ ಬಾಗಿಲಿನಿಂದಲೇ ಬರಬಹುದು. ಸಭಾಂಗಣದಲ್ಲಿ ನಿಮಗಾಗಿ ಬೇರೆ ಸ್ಥಳವನ್ನು ಕಾದಿರಿಸಿದೆ. ಆದರೆ ಅಧಿವೇಶನ ನಡೆಯುವ ಹೋಟೆಲುಗಳಲ್ಲಿ ನಿಮಗೆ ಕೋಣೆಯಿಲ್ಲ, ಊಟವೂ ಇಲ್ಲ. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ರಾತ್ರಿಯ ಭೋಜನ ಇವುಗಳ ಜೊತೆಯಲ್ಲಿ ನಡೆಯುವ ಗೋಷ್ಠಿಗಳಿಗೆ ನೀವು ಬರುವಂತಿಲ್ಲ. ಗೋಷ್ಠಿ ಮುಗಿದ ಮೇಲೆ ಊಟವಿರುವುದಾದರೆ ಗೋಷ್ಠಿಯಲ್ಲಿ ಕುಳಿತಿರಬಹುದು, ಊಟಕ್ಕೆ ನಿಲ್ಲಕೂಡದು.

ಅಮೆರಿಕದವರಿಗೆ ಇದನ್ನು ವಿವರಿಸಿ ಹೇಳಲು ಸಂವಿಧಾನ, ಕಾನೂನು, ಹಕ್ಕು ಮುಂತಾದ ದೊಡ್ಡ ಮಾತುಗಳು ಬೇಕು. ನಮಗೆ ಒಂದೇ ಮಾತು ಸಾಕು: ಪಂಕ್ತಿಭೇದ. ಮದುವೆಯ ಮನೆಯಲ್ಲಿ, ಮಠದಲ್ಲಿ, ಜಾತ್ರೆಯಲ್ಲಿ ಯಾರು ಒಳಗೆ, ಯಾರು ಜಗುಲಿಯಲ್ಲಿ, ಯಾರು ಅಂಗಳದಾಚೆ ಎಂಬುದನ್ನು ಹೇಳಿಸಿಕೊಳ್ಳದೆಯೇ ತಿಳಿದ ಜನ ನಾವು. ರಿಚ್ಮಂಡಿನ ಪತ್ರವನ್ನು ಕನ್ನಡಿಗನೊಬ್ಬ ಓದಿದರೆ ಅದರಲ್ಲಿ ಅವನಿಗೆ ಅಪರಿಚಿತವಾದದ್ದು ಊರಿನ ಹೆಸರೊಂದೇ. ಬಾಬಾಸಾಹೇಬ ಅಂಬೇಡ್ಕರರು ಹುಡುಗನಾಗಿ ಶಾಲೆಗೆ ಹೋಗುವಾಗ ತಾವು ಕೂರುವ ಗೋಣಿಯ ತುಂಡನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಅವರಿಗೂ ಶಾಲೆಯ ಬಾಗಿಲು ತೆರೆದೇ ಇತ್ತು. ಇದೇ ಅಂಬೇಡ್ಕರರು 1946ರಲ್ಲಿ ಅಮೆರಿಕದ ಕಪ್ಪು ಜನರ ಹಿರಿಯ ವಿದ್ವಾಂಸರಾದ ಡು ಬಾಯ್ಸ್ ಅವರಿಗೆ ಪತ್ರ ಬರೆದು ಎರಡು ಜನಾಂಗಗಳ ಸ್ಥಿತಿ ಒಂದನ್ನೊಂದು ಹೋಲುವುದನ್ನು ಕುರಿತು ಪ್ರಸ್ತಾಪಿಸಿದರು. ಡು ಬಾಯ್ಸ್ ಉತ್ತರವನ್ನೂ ಬರೆದರು. ಆ ಡು ಬಾಯ್ಸ್ ಅವರು 1902ರಲ್ಲಿ ಅಟ್ಲಾಂಟ ನಗರದಲ್ಲಿ ಹೊಸ ಸಾರ್ವಜನಿಕ ಗ್ರಂಥಾಲಯ ತೆರೆದಾಗ ಅದರ ಧರ್ಮದರ್ಶಿಗಳ ಮುಂದೆ ನಿಂತು ಕಪ್ಪು ಜನರಿಗೂ ಪ್ರವೇಶ ಬೇಕೆಂದು ಕೇಳಿ, ಇಲ್ಲವೆನ್ನಿಸಿಕೊಂಡು ಬಂದವರು.

ಏರ್ಪಾಡಿನ ಸಮಿತಿಯವರ ಸಮರ್ಥನೆ ಸರಳವಾಗಿತ್ತು. ಇದು ವರ್ಜೀನಿಯದ ಕಾನೂನು, ನಾವೇನು ಮಾಡೋಣ? ಆ ಕಾನೂನು ಬಂದ ಕಥೆ ಸ್ವಾರಸ್ಯವಾಗಿದೆ. ರಿಚ್ಮಂಡಿನಿಂದ ಬಹು ದೂರವಲ್ಲದ ಹ್ಯಾಂಪ್ಟನ್ ಎಂಬಲ್ಲಿ ಕಪ್ಪು ಜನರಿಗಾಗಿ ಸ್ಥಾಪಿತವಾದ ವಿದ್ಯಾಸಂಸ್ಥೆಯೊಂದಿತ್ತು. ಅದರ ಆಗ್ಡನ್ ಸಭಾಂಗಣದಲ್ಲಿ 1925ರಲ್ಲಿ ಡೆನಿಷಾನ್ ಎಂಬ ನೃತ್ಯ ತಂಡದ ಪ್ರದರ್ಶನ ನಡೆಯಿತು. ತಂಡದ ನಾಯಕಿ ರುತ್ ಸೇಂಟ್ ಡೆನಿಸ್ ನಮ್ಮ ರಾಧೆಯ ಹೆಸರಿನ ನೃತ್ಯದಿಂದ ಹೆಸರು ಮಾಡಿದವಳು. ಆ ಸಭಾಂಗಣದಲ್ಲಿ ಬಣ್ಣ ನೋಡಿ ಕೂರಿಸುವ ಪದ್ಧತಿಯಿರಲಿಲ್ಲ. ಪತ್ರಿಕಾ ಸಂಪಾದಕನೊಬ್ಬನ ಹೆಂಡತಿ ತಡವಾಗಿ ಬಂದು ಕಪ್ಪು ಜನರ ಪಕ್ಕದಲ್ಲಿ ಕೂರಬೇಕಾಯಿತು. ಸಂಪಾದಕ ಲೇಖನಿ ಹಿಡಿದ. ವಾಗ್ಯುದ್ಧ ಬೆಳೆದು 1926ರಲ್ಲಿ ವರ್ಜೀನಿಯದ ಶಾಸನಸಭೆ, ಸಾರ್ವಜನಿಕ ಸಭೆ ನಡೆಯುವಲ್ಲೆಲ್ಲ ಎರಡು ಜನಾಂಗಗಳನ್ನು ಬೇರೆ ಬೇರೆ ಕೂರಿಸತಕ್ಕದ್ದೆಂದು ಕಾನೂನನ್ನೇ ಮಾಡಿತು. ಅನಾದಿಕಾಲದ ಸಂಪ್ರದಾಯವೆಂದು ಹೇಳಿಕೊಳ್ಳುವ ಎಷ್ಟೋ ಕಟ್ಟಳೆಗಳ ವಯಸ್ಸನ್ನು ಕೆದಕಿ ನೋಡಿದರೆ ಹತ್ತು ವರ್ಷ, ಇಪ್ಪತ್ತು ವರ್ಷ ಎಂದು ತಿಳಿದುಬರುತ್ತದೆ. ರಿಚ್ಮಂಡಿನ ಅಧಿವೇಶನದ ವೇಳೆಗೆ ಈ ಕಾನೂನಿಗೆ ಹತ್ತು ವರ್ಷ ತುಂಬಿತ್ತು, ಅಷ್ಟೆ.

ಮತ್ತೊಂದು ಸಂಗತಿ ಇನ್ನೂ ವಿಚಿತ್ರ. ಆ ಹ್ಯಾಂಪ್ಟನ್ ಸಂಸ್ಥೆಯಲ್ಲಿಯೇ, ನೃತ್ಯ ನಡೆದ ಅದೇ 1925ರಲ್ಲಿ, ಕಾರ್ನೆಗಿ ನಿಧಿಯ ನೆರವಿನಿಂದ ಗ್ರಂಥಪಾಲಕರ ತರಬೇತಿ ಶಾಲೆಯೊಂದು ಪ್ರಾರಂಭವಾಯಿತು. ಕಪ್ಪು ಜನಾಂಗದವರಿಗಾಗಿ ಇದ್ದ ಪೂರ್ಣಪ್ರಮಾಣದ ಗ್ರಂಥಾಲಯ ಶಾಲೆ ಆಗ ಅದೊಂದೇ. ಫ್ಲಾರೆನ್ಸ್ ರೈಸಿಂಗ್ ಕರ್ಟಿಸ್ ಎಂಬಾಕೆ ಅದರ ನಿರ್ದೇಶಕಿ. ದಕ್ಷಿಣದ ಕಪ್ಪು ಜನರ ಕಾಲೇಜುಗಳಿಗೂ ಪ್ರೌಢಶಾಲೆಗಳಿಗೂ ತರಬೇತಾದ ಗ್ರಂಥಪಾಲಕರನ್ನು ಕೊಟ್ಟ ಶಾಲೆ ಇದು, 1939ರಲ್ಲಿ ಮುಚ್ಚಿಹೋಯಿತು. ಅಲ್ಲಿಯೇ 1927ರ ಮಾರ್ಚಿಯಲ್ಲಿ ಕಪ್ಪು ಜನಾಂಗದ ಗ್ರಂಥಪಾಲಕರು ತಮ್ಮದೇ ಮೊದಲ ಸಮ್ಮೇಳನವನ್ನು ಸೇರಿಸಿದರು. ಹೀಗೆ, ಬೇರೆ ಬೇರೆ ಕೂರಬೇಕೆಂಬ ಕಾನೂನಿಗೆ ಕಾರಣವಾದ ಆವರಣವೂ ಆ ಕಾನೂನಿನಿಂದ ಅವಮಾನಿತರಾದ ಗ್ರಂಥಪಾಲಕರನ್ನು ಬೆಳೆಸಿದ ಆವರಣವೂ ಒಂದೇ.

ಈ ಗ್ರಂಥಪಾಲಕರು ಕೆಲಸ ಮಾಡುತ್ತಿದ್ದ ಶಾಲೆಗಳನ್ನು ಸ್ವಲ್ಪ ನೆನೆಯಬೇಕು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳ ಶಾಲೆಗೆ ಸರ್ಕಾರ ಕೊಡುತ್ತಿದ್ದುದು ಬಿಳಿಯ ಮಕ್ಕಳಿಗೆ ಕೊಟ್ಟು ಮಿಕ್ಕದ್ದು. ಹ್ಯಾಂಪ್ಟನ್ನಿನಲ್ಲಿಯೇ ಓದಿದ ಬುಕರ್ ವಾಷಿಂಗ್ಟನ್ ಅವರ ಪ್ರೇರಣೆಯಿಂದ ಷಿಕಾಗೋದ ವರ್ತಕ ಜೂಲಿಯಸ್ ರೋಸೆನ್‌ವಾಲ್ಡ್ ಹಣ ಕೊಟ್ಟು, ಊರಿನ ಜನ ದುಡ್ಡು, ಮರ, ಮೈದುಡಿಮೆ ಕೊಟ್ಟು 1932ರ ವೇಳೆಗೆ ಐದು ಸಾವಿರದ ಹತ್ತಿರ ಹತ್ತಿರ ಹಳ್ಳಿಶಾಲೆಗಳು ಎದ್ದು ನಿಂತವು. ರೋಸೆನ್‌ವಾಲ್ಡ್ ನಿಧಿಯವರು 1927ರ ಸುಮಾರಿನಿಂದ ಇಂಥ ಶಾಲೆಗಳಿಗೆ ಆಯ್ದ ಪುಸ್ತಕಗಳ ಕಟ್ಟುಗಳನ್ನೂ ಒದಗಿಸತೊಡಗಿದರು. ಕಟ್ಟು ಬಂದಿತು, ಬಿಚ್ಚುವವರು ಯಾರು? ತರಗತಿಯ ಉಪಾಧ್ಯಾಯಿನಿಯೇ ಬಿಚ್ಚಬೇಕು, ನಮೂದಿಸಬೇಕು, ಮಕ್ಕಳಿಗೆ ಕೊಡಬೇಕು, ಹರಿದದ್ದನ್ನು ಅಂಟಿಸಬೇಕು. ಊರಿನಲ್ಲಿ ಸಾರ್ವಜನಿಕ ಗ್ರಂಥಾಲಯವಿದ್ದರೂ ಆಕೆಗಾಗಲಿ ಆಕೆಯ ಮಕ್ಕಳಿಗಾಗಲಿ ಅಲ್ಲಿ ಪ್ರವೇಶವಿಲ್ಲ. ಆ ಪುಸ್ತಕದ ಕಪಾಟೊಂದೇ ಆ ಮಕ್ಕಳ ಪಾಲಿನ ಗ್ರಂಥಾಲಯ. ಇಂಥ ಶಾಲೆಯ ಉಪಾಧ್ಯಾಯಿನಿಗೆ ಸಮ್ಮೇಳನ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಊಹಿಸಬಹುದು. ಆಕೆ ಕೂಡಿಟ್ಟ ಹಣದಲ್ಲಿ ರೈಲಿನ ಬೇರೆ ಡಬ್ಬಿಯಲ್ಲಿ ಪ್ರಯಾಣ ಮಾಡಿ ರಿಚ್ಮಂಡಿಗೆ ಬಂದು, ಮಕ್ಕಳ ಪುಸ್ತಕಗಳ ಮೇಲೆ ನಡೆದ ಚರ್ಚೆಯನ್ನು ಬೇರೆ ಸಾಲಿನಲ್ಲಿ ಕೂತು ಕೇಳಿ, ತಟ್ಟೆಗಳ ಸದ್ದು ಕೇಳಿಬಂದೊಡನೆ ಎದ್ದು ಹೊರಗೆ ಹೋಗಬೇಕು. ನಾನು ಮೊದಲು ಹೇಳಿದೆ, ಪಕ್ಕದ ಎಲೆಯವರು ಹೇಳಿದ ಮಾತೇ ಸಮ್ಮೇಳನದ ಲಾಭವೆಂದು. ಆ ಲಾಭವನ್ನೇ ಎಣಿಸಿ ತೆಗೆದಂತಾಯಿತು.

ರಿಚ್ಮಂಡಿನ ಅಧಿವೇಶನ ನಡೆಯಿತು. ಭಾಷಣಗಳಾದವು, ಗೋಷ್ಠಿಗಳಾದವು. ಪತ್ರದ ಸುದ್ದಿ ಮಾತ್ರ ಒಳಗೆ ಉಳಿಯಲಿಲ್ಲ. ಗ್ರಂಥಾಲಯ ಪತ್ರಿಕೆಗಳಲ್ಲಿ ಪ್ರತಿಭಟನೆಯ ಪತ್ರಗಳು ಬಂದವು, ಹೊರಗಿನ ಪತ್ರಿಕೆಗಳೂ ಕೇಳಿದವು. ಗ್ರಂಥಪಾಲಕರಿಗಾಗಿ ಹೊರಡುತ್ತಿದ್ದ ವಿಲ್ಸನ್ ಬುಲೆಟಿನ್ ಎಂಬ ಮಾಸಪತ್ರಿಕೆಯ ತರುಣ ಸಂಪಾದಕ ರಿಚ್ಮಂಡಿನಲ್ಲಿ ಸುಳಿದಾಡಿದ ಭೂತ ಎಂಬರ್ಥದ ಶೀರ್ಷಿಕೆ ಕೊಟ್ಟು ಖಾರವಾಗಿ ಬರೆದ. ಸಂಪಾದಕನ ಹೆಸರು ಸ್ಟಾನ್ಲಿ ಕೂನಿಟ್ಸ್. ಸಾಹಿತ್ಯ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಮುಂದೆ 1959ರಲ್ಲಿ ಪುಲಿಟ್ಸರ್ ಬಹುಮಾನ ಪಡೆದ, ತನ್ನ 95ನೆಯ ವಯಸ್ಸಿನಲ್ಲಿ ಅಮೆರಿಕದ ರಾಷ್ಟ್ರಕವಿಯ ಗೌರವಕ್ಕೆ ಪಾತ್ರನಾದ ಕವಿ ಆತ. ಒಂದು ವೃತ್ತಿಯ ಮರ್ಯಾದೆಯನ್ನು ಕಾಯಲು ಆ ವೃತ್ತಿಯ ಪತ್ರಿಕೆಯಲ್ಲಿ ಕವಿಯೊಬ್ಬ ಕೂತಿದ್ದುದು ಆ ವೃತ್ತಿಯ ಪುಣ್ಯ.

ಸಂಘ ಒಂದು ಸಮಿತಿಯನ್ನು ನೇಮಿಸಿತು. ಸಮಿತಿ ನೇಮಿಸುವುದೆಂದರೆ ವಿಷಯವನ್ನು ಮಲಗಿಸುವುದು ಎಂಬ ಅನುಭವ ನಮ್ಮೆಲ್ಲರದೂ. ಇಲ್ಲಿ ಹಾಗಾಗಲಿಲ್ಲ ಎಂಬುದನ್ನು ಹೇಳುವುದು ನ್ಯಾಯ. ಆ ವರ್ಷದ ಡಿಸೆಂಬರಿನಲ್ಲಿಯೇ ಸಂಘದ ಆಡಳಿತ ಮಂಡಲಿ ಒಂದು ನಿರ್ಣಯವನ್ನು ಒಪ್ಪಿತು: ಇನ್ನು ಮುಂದೆ ಅಧಿವೇಶನಕ್ಕಾಗಿ ಸಂಘದ ವಶಕ್ಕೆ ಬರುವ ಎಲ್ಲ ಕೋಣೆ, ಸಭಾಂಗಣಗಳಲ್ಲಿ ಎಲ್ಲ ಸದಸ್ಯರಿಗೂ ಪೂರ್ಣ ಸಮಾನತೆಯ ಪ್ರವೇಶವಿರತಕ್ಕದ್ದು.

ಈ ನಿರ್ಣಯವನ್ನು ನಾನು ಮೆಚ್ಚುತ್ತೇನೆ, ಆದರೆ ತಲೆಯ ಮೇಲೆ ಹೊತ್ತು ಮೆರೆಸಲಾರೆ. ಅದರ ಮಾತು ಕೋಣೆಗೂ ಸಭಾಂಗಣಕ್ಕೂ ಸಂಬಂಧಿಸಿದ್ದು. ರಾತ್ರಿ ಮಲಗುವ ಹಾಸಿಗೆಯ ಮಾತು ಅದರಲ್ಲಿಲ್ಲ. ಅದರಿಂದಾದ ಫಲವಾದರೂ ಏನು? ಇಂಥ ಷರತ್ತಿಗೆ ಒಪ್ಪುವ ಊರು ದಕ್ಷಿಣದಲ್ಲಿ ಸಿಗದೆ ಸಂಘ ಮುಂದೆ ಇಪ್ಪತ್ತು ವರ್ಷ ದಕ್ಷಿಣದ ಕಡೆ ತಲೆ ಹಾಕಲಿಲ್ಲ. ಸಂಘದ ಕೈ ಶುದ್ಧವಾಯಿತು, ನಿಜ. ಆದರೆ ಅಲಬಾಮದ ಅಥವಾ ಮಿಸಿಸಿಪಿಯ ಹಳ್ಳಿಶಾಲೆಯ ಉಪಾಧ್ಯಾಯಿನಿಗೆ ಸಮ್ಮೇಳನ ಇನ್ನಷ್ಟು ದೂರವಾಯಿತು. ಆಕೆಯ ರಾಜ್ಯದ ಗ್ರಂಥಾಲಯ ಸಂಘವೋ, ಆಕೆಯನ್ನು ಸೇರಿಸಿಕೊಳ್ಳುವುದಿಲ್ಲ. ಉತ್ತರ ಕ್ಯಾರೊಲಿನದ ಕಪ್ಪು ಗ್ರಂಥಪಾಲಕರು ಬುದ್ಧಿವಂತರು. 1934ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡು ವರ್ಷವರ್ಷವೂ ಸೇರುತ್ತಿದ್ದರು. ರಾಷ್ಟ್ರೀಯ ಸಂಘ 1943ರಲ್ಲಿ ಇದನ್ನು ತನ್ನ ಶಾಖೆಯೆಂದು ಮಾನ್ಯಮಾಡಿತು. ಐವತ್ತರ ದಶಕದ ನಡುವೆ ಇದೂ ಬಿಳಿಯರ ಸಂಘವೂ ಒಂದಾದವು. ಉಳಿದ ಕಡೆ ಇಷ್ಟು ಸುಲಭವಾಗಲಿಲ್ಲ.

ಹೊರಗೆ, ಓದುಗರ ಲೋಕದಲ್ಲಿ, ಕಾಲ ನಿಂತಿರಲಿಲ್ಲ. ರಿಚ್ಮಂಡಿನ ಅಧಿವೇಶನ ಮುಗಿದು ಮೂರು ವರ್ಷಕ್ಕೆ, 1939ರ ಆಗಸ್ಟ್ 21ರಂದು, ಅದೇ ವರ್ಜೀನಿಯದ ಅಲೆಕ್ಸಾಂಡ್ರಿಯ ಪಟ್ಟಣದ ಗ್ರಂಥಾಲಯಕ್ಕೆ ಶುಭ್ರವಾಗಿ ಉಡುಪು ಧರಿಸಿದ ಐವರು ಕಪ್ಪು ತರುಣರು ಒಬ್ಬರ ಹಿಂದೊಬ್ಬರಂತೆ ಬಂದರು. ಪ್ರತಿಯೊಬ್ಬನೂ ಸದಸ್ಯತ್ವದ ಚೀಟಿ ಕೇಳಿದ. ಇಲ್ಲವೆಂದಾಗ ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಂಡು ಬೇರೆ ಬೇರೆ ಮೇಜಿನ ಮುಂದೆ ಕೂತು ಓದತೊಡಗಿದ. ಮಾತಿಲ್ಲ, ಗಲಾಟೆಯಿಲ್ಲ. ಗ್ರಂಥಾಲಯದಲ್ಲಿ ಹೇಗಿರಬೇಕೋ ಹಾಗೆಯೇ ಇದ್ದರು. ಪೊಲೀಸರು ಬಂದು ಐವರನ್ನೂ ಹಿಡಿದುಕೊಂಡು ಹೋದರು. ಹೊರಿಸಿದ ಆಪಾದನೆ ಶಾಂತಿಭಂಗ! ಇದರ ಹಿಂದಿದ್ದವರು ಸ್ಯಾಮ್ಯುಯಲ್ ಟಕ್ಕರ್ ಎಂಬ ತರುಣ ವಕೀಲರು. ಪಟ್ಟಣದವರು ಇವರನ್ನು ಒಳಗೆ ಬಿಡುವ ಬದಲು 1940ರಲ್ಲಿ ಕಪ್ಪು ಜನರಿಗಾಗಿ ಬೇರೊಂದು ಸಣ್ಣ ಗ್ರಂಥಾಲಯ ಕಟ್ಟಿಸಿಕೊಟ್ಟರು. ಅಲ್ಲಿ ಸದಸ್ಯರಾಗಿರೆಂದು ಕಳುಹಿಸಿದ ಚೀಟಿಯನ್ನು ಟಕ್ಕರ್ ಒಪ್ಪಲಿಲ್ಲ. ಆ ಐವರ ಮೇಲಿನ ಆಪಾದನೆಯನ್ನು ನ್ಯಾಯಾಲಯ ವಜಾ ಮಾಡಿದ್ದು 2019ರ ಅಕ್ಟೋಬರಿನಲ್ಲಿ, ಎಂದರೆ 80 ವರ್ಷಗಳ ಮೇಲೆ. ಅವರನ್ನು ದೂರವಿಡಲು ಕಟ್ಟಿದ ಕಟ್ಟಡ ಈಗ ಅಲ್ಲಿನ ಕಪ್ಪು ಜನರ ಚರಿತ್ರೆಯ ವಸ್ತುಸಂಗ್ರಹಾಲಯ.

ನಮ್ಮ ಕಡೆಯ ಮಾತನ್ನು ಹೇಳದೆ ಮುಂದುವರಿದರೆ ನೆರೆಮನೆಯ ಕಸವನ್ನಷ್ಟೇ ಎಣಿಸಿದಂತಾಗುತ್ತದೆ. ರಿಚ್ಮಂಡಿಗೆ ಎಂಟು ವರ್ಷ ಮುಂಚೆ, 1928ರ ಡಿಸೆಂಬರಿನಲ್ಲಿ, ಚಿದಂಬರದ ಮೀನಾಕ್ಷಿ ಕಾಲೇಜಿನಲ್ಲಿ ಮದರಾಸು ಪ್ರಾಂತದ ಶಿಕ್ಷಣ ಸಮ್ಮೇಳನ ನಡೆಯಿತು. ಆಗ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಅಲ್ಲಿ ಮಾತನಾಡಿದರು. ರಂಗನಾಥನ್ ಮೂಲತಃ ಗಣಿತದವರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳುವುದರಿಂದ ಉದ್ಯೋಗ ಆರಂಭಿಸಿದವರು. ಕೊನೆಗೆ ಬೆಂಗಳೂರಿನಲ್ಲಿ ನೆಲಸಿ 1972ರಲ್ಲಿ ಅಲ್ಲಿಯೇ ತೀರಿಕೊಂಡವರು. ಗ್ರಂಥಾಲಯದ ನೂರಾರು ಚಿಲ್ಲರೆ ನಿಯಮಗಳ ಹಿಂದೆ ಕೆಲವೇ ಮೂಲಸೂತ್ರಗಳಿರಬೇಕು ಎಂದು ಅವರ ಗಣಿತದ ಬುದ್ಧಿ ಹುಡುಕುತ್ತಿತ್ತು. ಅವರ ಗುರುಗಳಾಗಿದ್ದ ಎಡ್ವರ್ಡ್ ರಾಸ್ ಒಂದು ಸಂಜೆ ಇದನ್ನು ಕೇಳಿ, ಪುಸ್ತಕವಿರುವುದು ಬಳಸುವುದಕ್ಕೆ ಎಂಬುದೇ ನಿನ್ನ ಮೊದಲ ಸೂತ್ರವಲ್ಲವೇ ಎಂಬ ಭಾವದ ಮಾತನ್ನಾಡಿದರಂತೆ. ಉಳಿದ ನಾಲ್ಕು ಹಿಂದೆಯೇ ಬಂದವು. ಆ ಐದು ಸೂತ್ರಗಳನ್ನು ಮೊದಲು ಸಾರ್ವಜನಿಕವಾಗಿ ಕೇಳಿದವರು ಪಂಡಿತ ಪರಿಷತ್ತಿನವರಲ್ಲ, ಚಿದಂಬರದಲ್ಲಿ ಸೇರಿದ ಶಿಕ್ಷಣದ ಜನ. 1931ರಲ್ಲಿ ಅವು ಪುಸ್ತಕವಾಗಿ ಬಂದವು. ಓದುವ ಪ್ರತಿಯೊಬ್ಬನಿಗೂ ಅವನ ಪುಸ್ತಕ ದೊರೆಯಬೇಕೆಂಬ ಎರಡನೆಯ ಸೂತ್ರವನ್ನು ವಿವರಿಸುವಾಗ ರಂಗನಾಥನ್ ಯಾರು ಯಾರನ್ನು ಪುಸ್ತಕದಿಂದ ಹೊರಗಿಟ್ಟಿದ್ದರೆಂದು ಒಂದೊಂದಾಗಿ ಹೇಳುತ್ತಾರೆ: ಬಡವರನ್ನು, ಹೆಂಗಸರನ್ನು, ಹಳ್ಳಿಯವರನ್ನು. ಕೇವಲ ಐದು ವಾಕ್ಯಗಳ ಶಾಸ್ತ್ರ ಅದು. ರಿಚ್ಮಂಡಿನ ಸಮಿತಿಯ ಪತ್ರ ಆ ಎರಡನೆಯ ವಾಕ್ಯದ ಮುಂದೆ ಒಂದು ಕ್ಷಣವೂ ನಿಲ್ಲಲಾರದು.

ಹಾಗೆಂದು ನಮ್ಮ ಶಾಲೆಗಳು ಮೊದಲನೆಯ ಸೂತ್ರದ ಮುಂದಾದರೂ ನಿಂತವೇ? ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ 1952-53ರಲ್ಲಿ ಕೆಲಸ ಮಾಡಿದ ಪ್ರೌಢಶಿಕ್ಷಣ ಆಯೋಗ ಕಂಡದ್ದನ್ನು ಮರೆಮಾಚದೆ ಬರೆಯಿತು. ಹೆಚ್ಚಿನ ಶಾಲೆಗಳಲ್ಲಿ ಗ್ರಂಥಾಲಯವೆನ್ನುವಂಥದು ಇಲ್ಲ. ಇರುವ ಪುಸ್ತಕಗಳು ಹಳೆಯವು, ಮಕ್ಕಳಿಗೆ ಹೊಂದದವು. ನೋಡಿಕೊಳ್ಳುವವನು ಒಬ್ಬ ಗುಮಾಸ್ತ, ಇಲ್ಲವೇ ಪುಸ್ತಕದಲ್ಲಿ ಆಸಕ್ತಿಯಿಲ್ಲದ ಉಪಾಧ್ಯಾಯ. ನಾನು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಬೀರುಗಳು ಐದಿದ್ದವು, ಬೀಗಗಳೂ ಐದು. ಕಳೆದ ಪುಸ್ತಕದ ಬೆಲೆಯನ್ನು ಹೊಣೆ ಹೊತ್ತವನ ಸಂಬಳದಲ್ಲಿ ಹಿಡಿಯುವ ಪದ್ಧತಿ. ನನಗಿಂತ ಹಿಂದೆ ಇದ್ದವರು ಈ ಕಾರಣದಿಂದ ಹನ್ನೊಂದು ವರ್ಷ ಒಂದು ಪುಸ್ತಕವನ್ನೂ ಕಳೆಯಲಿಲ್ಲವೆಂದು ಮೇಲಧಿಕಾರಿಯಿಂದ ಹೊಗಳಿಸಿಕೊಂಡಿದ್ದರು. ಕಳೆಯುವುದು ಹೇಗೆ, ಕೊಟ್ಟರಲ್ಲವೇ! ಬಾಗಿಲು ತೆಗೆದಾಗ ಹುಳುಗಳು ಮಾತ್ರ ಸಾಕಷ್ಟು ಓದಿಕೊಂಡಿದ್ದವು. ಬೀಗಕ್ಕೆ ಬಣ್ಣ ಗೊತ್ತಿಲ್ಲ, ಜಾತಿ ಗೊತ್ತಿಲ್ಲ ಎನ್ನಬಹುದು. ನನಗೆ ಹಾಗೆನಿಸಿಲ್ಲ. ಮನೆಯಲ್ಲಿ ಪುಸ್ತಕವಿರುವ ಹುಡುಗನಿಗೆ ಶಾಲೆಯ ಬೀರು ಮುಚ್ಚಿದ್ದರೆ ನಷ್ಟ ಅಲ್ಪ. ಮನೆಯಲ್ಲಿ ಪಂಚಾಂಗವೂ ಇಲ್ಲದ ಹುಡುಗನಿಗೆ ಅದು ಸರ್ವಸ್ವ.

ಮತ್ತೆ ಅಮೆರಿಕಕ್ಕೆ. ಹೋಟೆಲುಗಳಲ್ಲಿ ಎಲ್ಲ ಸದಸ್ಯರಿಗೂ ಸಮಾನವಾದ ವಸತಿ ದೊರೆಯುವುದೆಂಬ ಭರವಸೆ ಪಡೆದು 1956ರಲ್ಲಿ ಸಂಘ ಫ್ಲಾರಿಡದ ಮಯಾಮಿ ಬೀಚಿನಲ್ಲಿ ಅಧಿವೇಶನ ಸೇರಿತು. ಇಪ್ಪತ್ತು ವರ್ಷಗಳ ಮೇಲೆ ದಕ್ಷಿಣದ ನೆಲದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಆದರೂ ಕೆಲವು ರಾಜ್ಯಗಳ ಸಂಘಗಳು ಹಟ ಬಿಡಲಿಲ್ಲ. ಅಲ್ಲಿನ ವಾತಾವರಣವನ್ನು ತಿಳಿಯಲು ಒಂದು ಉದಾಹರಣೆ ಸಾಕು. 1959ರಲ್ಲಿ ಅಲಬಾಮದ ಶಾಸಕನೊಬ್ಬ ಚಿಕ್ಕ ಮಕ್ಕಳ ಚಿತ್ರಪುಸ್ತಕವೊಂದನ್ನು ರಾಜ್ಯದ ಗ್ರಂಥಾಲಯಗಳಿಂದ ತೆಗೆಯಬೇಕೆಂದು ಎದ್ದುನಿಂತ. ಆ ಪುಸ್ತಕದಲ್ಲಿ ಎರಡು ಮೊಲಗಳು ಮದುವೆಯಾಗುತ್ತವೆ. ಒಂದು ಬಿಳಿಯದು, ಒಂದು ಕರಿಯದು. ರಾಜ್ಯದ ಗ್ರಂಥಾಲಯ ಸೇವೆಯ ನಿರ್ದೇಶಕಿಯಾಗಿದ್ದ ಎಮಿಲಿ ರೀಡ್ ಪುಸ್ತಕವನ್ನು ತೆರೆದ ಕಪಾಟಿನಿಂದ ಒಳಗಿನ ಕಪಾಟಿಗೆ ಸರಿಸಿದಳೇ ಹೊರತು, ಕೇಳಿದ ಗ್ರಂಥಾಲಯಗಳಿಗೆ ಕೊಡದೆ ಇರಲು ಒಪ್ಪಲಿಲ್ಲ. ಇದನ್ನು ಹೇಡಿತನ ಎನ್ನುವವರುಂಟು. ಒತ್ತಡದ ನಡುವೆ ಕುರ್ಚಿಯಲ್ಲಿ ಕೂತಿದ್ದವಳ ಮಟ್ಟಿಗೆ ಅದು ಸಣ್ಣ ಧೈರ್ಯವಲ್ಲ ಎಂದೇ ನನ್ನ ಭಾವನೆ.

ಕೊನೆಯ ಗಂಟನ್ನು ಬಿಚ್ಚಿದವರು ಇ. ಜೆ. ಜೋಸಿ. ಜಾರ್ಜಿಯದ ಸವಾನದಲ್ಲಿ ಕಪ್ಪು ಜನರ ಕಾಲೇಜಿನ ಗ್ರಂಥಪಾಲಕರು. ಅವರ ರಾಜ್ಯದ ಸಂಘ ಅವರನ್ನು ಸೇರಿಸಿಕೊಂಡಿರಲಿಲ್ಲ. 1964ರಲ್ಲಿ ಸೇಂಟ್ ಲೂಯಿಯ ಅಧಿವೇಶನದಲ್ಲಿ ಕೂತಿದ್ದಾಗ, ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಮಿಸಿಸಿಪಿಯ ಸಂಘಕ್ಕೆ ಗ್ರಂಥಾಲಯ ಸಪ್ತಾಹವನ್ನು ಚೆನ್ನಾಗಿ ನಡೆಸಿದ್ದಕ್ಕಾಗಿ ಮೆಚ್ಚುಗೆ ಸಲ್ಲಿಸಿದ್ದನ್ನು ಅವರು ಕೇಳಿದರು. ಜೋಸಿ ಎದ್ದು ನಿಂತರು. ಭೇದ ಮಾಡುವ ರಾಜ್ಯ ಸಂಘಗಳ ಸಭೆಗೆ ರಾಷ್ಟ್ರೀಯ ಸಂಘದ ಪದಾಧಿಕಾರಿಗಳಾಗಲಿ ನೌಕರರಾಗಲಿ ಅಧಿಕೃತವಾಗಿ ಹೋಗಕೂಡದೆಂಬ ಗೊತ್ತುವಳಿಯನ್ನು ಮಂಡಿಸಿದರು, ಅದು ಅಂಗೀಕಾರವಾಯಿತು. ಅದೇ ಬೇಸಿಗೆಯಲ್ಲಿ, ಜುಲೈ 2ರಂದು, ಅಮೆರಿಕದ ನಾಗರಿಕ ಹಕ್ಕುಗಳ ಶಾಸನಕ್ಕೆ ಸಹಿ ಬಿತ್ತು. ಮರುವರ್ಷ ಜಾರ್ಜಿಯದ ಸಂಘ ತನ್ನ ಮೊದಲ ಕಪ್ಪು ಸದಸ್ಯರನ್ನಾಗಿ ಜೋಸಿಯವರನ್ನು ಸೇರಿಸಿಕೊಂಡಿತು. ರಾಷ್ಟ್ರೀಯ ಸಂಘಕ್ಕೆ ನೂರು ತುಂಬಿದ 1976ರಲ್ಲಿ ಕ್ಲಾರ ಸ್ಟ್ಯಾಂಟನ್ ಜೋನ್ಸ್ ಎಂಬಾಕೆ ಅದರ ಮೊದಲ ಕಪ್ಪು ಅಧ್ಯಕ್ಷೆಯಾದರು. 1984ರಲ್ಲಿ ಜೋಸಿಯವರೇ ಅಧ್ಯಕ್ಷರಾದರು. 2018ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಸೇರಿದಾಗ ಸಂಘ, ಗ್ರಂಥಾಲಯಗಳ ವರ್ಣಭೇದದ ವಿರುದ್ಧ ಹೋರಾಡಿದವರನ್ನು ಗೌರವಿಸಿ, ನಡೆದ ಅನ್ಯಾಯಕ್ಕಾಗಿ ಕ್ಷಮೆ ಕೇಳುವ ನಿರ್ಣಯವನ್ನು ಬರೆಯಿತು.

ಶಾಲೆಯ ಗ್ರಂಥಪಾಲಕರ ಮಾತಿನಿಂದ ಆರಂಭಿಸಿದವನು ಅವರ ವಿಷಯದಲ್ಲಿ ಇನ್ನೊಂದನ್ನು ಹೇಳುವುದು ಉಳಿದಿದೆ. ಅಮೆರಿಕದ ಶಾಲಾ ಗ್ರಂಥಪಾಲಕರು ಮೊದಮೊದಲು ದೊಡ್ಡ ಸಂಘದ ಒಂದು ಮೂಲೆಯಲ್ಲಿ ಕೂರುತ್ತಿದ್ದರು. 1951ರಲ್ಲಿ ಅವರದು ಪ್ರತ್ಯೇಕ ವಿಭಾಗವಾಯಿತು. ಬೇರೆ ಬೇರೆ ದೇಶಗಳ ಶಾಲಾ ಗ್ರಂಥಪಾಲಕರು ಕೂಡಿ 1971ರಲ್ಲಿ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದರು; ಕಟ್ಟಿದ್ದು ಜಮೈಕದ ಕಿಂಗ್‌ಸ್ಟನ್ನಿನಲ್ಲಿ, ಗುಲಾಮರಾಗಿ ತಂದ ಜನರ ಮೊಮ್ಮಕ್ಕಳು ಸ್ವತಂತ್ರರಾಗಿ ಆಳುತ್ತಿದ್ದ ದ್ವೀಪದಲ್ಲಿ. ಅಮೆರಿಕದ ಶಾಲಾ ಗ್ರಂಥಪಾಲಕರು ದೊಡ್ಡ ಸಂಘದ ಅಧಿವೇಶನಕ್ಕೆ ಅಂಟಿಕೊಳ್ಳದೆ ತಮ್ಮದೇ ರಾಷ್ಟ್ರೀಯ ಸಮ್ಮೇಳನವನ್ನು ಮೊದಲು ಸೇರಿಸಿದ್ದು 1980ರಲ್ಲಿ. ಅದಕ್ಕೆ ಆರಿಸಿದ ಊರು ಕೆಂಟಕಿಯ ಲೂಯಿವಿಲ್. ಆ ಊರಿನ ಕಪ್ಪು ಮಕ್ಕಳ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ ಆಲ್ಬರ್ಟ್ ಮೇಜೀಕ್ ತನ್ನ ವಿದ್ಯಾರ್ಥಿಗಳಿಗೆ ಪುಸ್ತಕ ಬೇಕೆಂದು ಪುರಸಭೆಯವರನ್ನು ಕಾಡಿ ಬೇಡಿದ್ದರಿಂದ 1905ರಲ್ಲಿ ಬಾಡಿಗೆ ಮನೆಯ ಮೂರು ಕೋಣೆಗಳಲ್ಲಿ ಒಂದು ಗ್ರಂಥಾಲಯ ತೆರೆದಿತ್ತು. ಅದನ್ನು ನಡೆಸಿದವರು ಥಾಮಸ್ ಫೌಂಟನ್ ಬ್ಲೂ. ಹ್ಯಾಂಪ್ಟನ್ನಿನಲ್ಲಿ ಓದಿ, ರಿಚ್ಮಂಡಿನಲ್ಲಿ ಧರ್ಮಶಾಸ್ತ್ರ ಕಲಿತು ಬಂದವರು. ಗ್ರಂಥಾಲಯದ ಕೆಲಸವನ್ನು ತಾವೇ ಕಲಿತು, ತಮ್ಮವರಿಗೂ ಕಲಿಸಿ, 1922ರಲ್ಲಿ ಡೆಟ್ರಾಯಿಟಿನಲ್ಲಿ ನಡೆದ ರಾಷ್ಟ್ರೀಯ ಸಂಘದ ಅಧಿವೇಶನದಲ್ಲಿ ಪ್ರಬಂಧವನ್ನೂ ಓದಿದ್ದರು. ಬ್ಲೂ ಅವರು ತೀರಿಕೊಂಡದ್ದು 1935ರ ನವೆಂಬರಿನಲ್ಲಿ. ತಾವು ಓದಿದ ಊರಿನಿಂದ ಹೊರಟ ಆ ಪತ್ರವನ್ನು ಅವರು ನೋಡಲಿಲ್ಲ.